ಸೇತುಬಂಧ ಮುಗಿಯುವುದರೊಳಗೆ ಕಟ್ಟಿಕೊಂಡ ಸಂಜೆಯ ಕ್ರಮ

ಮಕ್ಕಳ ಓದಿಗೂ ಹೋಂವರ್ಕಿಗೂ ಮನೆಯಲ್ಲಿ ಒಂದು ಕ್ರಮ ಹಾಕಿಕೊಳ್ಳಬೇಕೆಂದರೆ ಜೂನ್ ತಿಂಗಳಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಆಗ ಸೇತುಬಂಧ ನಡೆಯುತ್ತಿರುತ್ತದೆ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡಿ, ಬಿಟ್ಟುಹೋದದ್ದನ್ನು ಮತ್ತೆ ಹೇಳಿಕೊಡುವ ದಿನಗಳವು. ಹೊಸ ಪಾಠದ ಭಾರ ಇನ್ನೂ ಬಿದ್ದಿರುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮಗಳು ಆರನೇ ತರಗತಿ, ಮಗ ಎರಡನೇ ತರಗತಿ. ಪುಸ್ತಕಕ್ಕೆಲ್ಲ ಬೈಂಡ್ ಹಾಕಿ ಲೇಬಲ್ ಅಂಟಿಸುವ ವಾರದಲ್ಲೇ ನಾವು ಸಂಜೆಯ ಹೊತ್ತನ್ನೂ ಹೊಂದಿಸಿಕೊಂಡೆವು.

ಗಡಿಯಾರ ನೋಡಿ ಟೈಂಟೇಬಲ್ ಬರೆಯಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ, ನನ್ನ ಬಸ್ಸು ಯಾವಾಗ ಬರುತ್ತದೋ ಹೇಳುವಂತಿಲ್ಲ. ಅದಕ್ಕೇ ದಿನಾ ತಪ್ಪದೆ ನಡೆಯುವ ಕೆಲಸಗಳಿಗೆ ಓದನ್ನೂ ಹೋಂವರ್ಕನ್ನೂ ಜೋಡಿಸಿದೆ. ಕಾಫಿ ತಿಂಡಿ ಆಗಿ ಲೋಟ ತೊಳೆದಿಟ್ಟರೆ ಹೋಂವರ್ಕ್. ರಾತ್ರಿ ಊಟ ಆದ ಮೇಲೆ, ಹಾಸಿಗೆ ಹಾಸುವ ಮೊದಲು ಓದು. ಇವೆರಡನ್ನು ಒಂದರ ಹಿಂದೆ ಒಂದು ಇಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರೆದು ಬರೆದು ಕೈ ಸೋತ ಮಗುವಿನ ಮುಂದೆ ಕಥೆಪುಸ್ತಕ ಇಟ್ಟರೆ ಅದೂ ಹೋಂವರ್ಕಿನ ಬಾಲದ ಹಾಗೆ ಕಾಣುತ್ತದೆ. ನಡುವೆ ಆಟ ಇರಬೇಕು, ಊಟ ಇರಬೇಕು, ಜಗಳ ಬೇಕಾದರೂ ಇರಲಿ.

ಓದುವ ಹೊತ್ತಿಗೆ ಮನೆಯವರೆಲ್ಲ ಕೂರುತ್ತೇವೆ. ಫೋನುಗಳು ನಾಗಂದಿಗೆ ಮೇಲೆ. ಯಜಮಾನರು ಬೆಳಿಗ್ಗೆ ಓದದೆ ಉಳಿದ ಪೇಪರು ಹಿಡಿಯುತ್ತಾರೆ, ಅತ್ತೆ ತಮ್ಮ ಪಾರಾಯಣದ ಪುಸ್ತಕ. ದೊಡ್ಡವರು ಟಿವಿ ಮುಂದೆ ಕೂತು "ಓದ್ಕೋ ಹೋಗು" ಅಂದರೆ ಯಾವ ಮಗುವೂ ಮನಸ್ಸಿಟ್ಟು ಓದುವುದಿಲ್ಲ.

ಮಗನ ಓದಿನ ವಿಷಯದಲ್ಲಿ ಮನೆಯವರೆಲ್ಲ ಒಂದು ಸಂಗತಿ ಅರ್ಥಮಾಡಿಕೊಳ್ಳಬೇಕಾಯಿತು. ಒಂದರಿಂದ ಮೂರನೇ ತರಗತಿವರೆಗೆ ಅವನ ಶಾಲೆಯಲ್ಲಿ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ವರ್ಣಮಾಲೆಯ ಸಾಲು ಹಿಡಿದು ಅಕ್ಷರ ಕಲಿಸುವುದಿಲ್ಲ.

"ಇದೆಂಥದು ಮಾರಾಯ್ತಿ, ಅ ಆ ಇ ಈ ಬಿಟ್ಟು ರ ಗ ಸ ದ ಅಂತಿದ್ದಾನೆ!" ಅಂತ ಅತ್ತೆ ಹೋದ ವರ್ಷ ಗಾಬರಿಯಾಗಿದ್ದರು.

"ರ, ಗ, ಸ, ದ, ಅ ಐದೇ ಬಂದರೆ ಏನೇನು ಓದಬಹುದು ನೋಡಿ ಅತ್ತೆ" ಅಂತ ಸ್ಲೇಟಿನಲ್ಲಿ ಬರೆದೆ: ಅರಸ, ಅಗಸ, ಸರ, ದರ, ಗರಗಸ. ಹತ್ತಿರ ಹತ್ತಿರ ಐವತ್ತು ಅಕ್ಷರ ಬಾಯಿಪಾಠ ಆಗುವ ತನಕ ಕಾಯದೆ ಮಗು ಪದ ಓದಿಬಿಡುತ್ತದೆ. ಆ ಖುಷಿಯಲ್ಲೇ ಮುಂದಿನ ಅಕ್ಷರಕ್ಕೆ ಕೈ ಚಾಚುತ್ತದೆ. ಅತ್ತೆಗೆ ಹಿಡಿಸಿತು. ಆಮೇಲೆ ಮನೆಯಂಗಳದ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅವರೇ ಹೊಸ ಹೊಸ ಪದ ಬರೆದು ಮೊಮ್ಮಗನ ಹತ್ತಿರ ಓದಿಸತೊಡಗಿದರು. ಶಾಲೆ ಒಂದು ದಾರಿ, ಮನೆ ಇನ್ನೊಂದು ದಾರಿ ಹಿಡಿದರೆ ಕಂಗಾಲಾಗುವುದು ಮಗುವೇ. ನಿಮ್ಮ ಮಗುವಿನ ಶಿಕ್ಷಕರು ಯಾವ ಕ್ರಮದಲ್ಲಿ ಕಲಿಸುತ್ತಿದ್ದಾರೆ ಎಂದು ಜೂನಿನಲ್ಲೇ ಹೋಗಿ ಕೇಳಿ. ಬೇಸರಪಡುವ ಶಿಕ್ಷಕರನ್ನು ನಾನಂತೂ ಕಂಡಿಲ್ಲ.

ಈಗ ಅವನು ಒತ್ತಕ್ಷರದಲ್ಲಿದ್ದಾನೆ. 'ಅಜ್ಜಿ', 'ಬೆಕ್ಕು' ಸಲೀಸು, ಅದೇ ಅಕ್ಷರದ ಒತ್ತು ತಾನೆ. 'ಪುಸ್ತಕ', 'ಚಂದ್ರ' ಬಂದರೆ ನಿಲ್ಲುತ್ತಾನೆ. ಕೆಳಗಿರುವ ಗುರುತು ಮೇಲಿನ ಅಕ್ಷರದಂತೆ ಕಾಣುವುದಿಲ್ಲವಲ್ಲ. ನಿಂತ ಕಡೆ ನಾನು ಒಂದು ಉಸಿರಿನಷ್ಟು ಕಾಯುತ್ತೇನೆ, ಆಮೇಲೆ ಪದ ಹೇಳಿಬಿಡುತ್ತೇನೆ. ಕಥೆಯ ನಡುವೆ ಅಕ್ಷರ ಬಿಡಿಸಿ ಪಾಠ ಮಾಡುವುದಿಲ್ಲ. ಒಂದು ಸಾಲು ನಾನು, ಒಂದು ಸಾಲು ಅವನು, ಸಾಲಿನ ಕೆಳಗೆ ಅವನದೇ ಬೆರಳು. ಸುಸ್ತಾದ ದಿನ ಪೂರ್ತಿ ನಾನೇ ಓದುತ್ತೇನೆ, ಅವನು ಚಿತ್ರ ನೋಡುತ್ತಾನೆ. ಅದೂ ಓದೇ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಕ್ಕ ತಮ್ಮನನ್ನು ಕರೆದುಕೊಂಡು ಹೋಗಿ ಪುಸ್ತಕ ಬದಲಿಸಿಕೊಂಡು ಬರುತ್ತಾಳೆ. ಆಯ್ಕೆ ಅವರದೇ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲೂ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ. ನೆಟ್‌ವರ್ಕ್ ಇದ್ದಾಗ ಇಳಿಸಿಕೊಂಡು, ಪೇಟೆಗೆ ಹೋದಾಗ ಒಂದೊಂದನ್ನು ಪ್ರಿಂಟ್ ಹಾಕಿಸುತ್ತೇನೆ. ರಾತ್ರಿಯ ಓದಿಗೆ ಮಗುವಿನ ಮಟ್ಟಕ್ಕಿಂತ ಒಂದು ಹಂತ ಸುಲಭವಾದದ್ದನ್ನೇ ಆರಿಸಿ. ಕಷ್ಟಪಡುವುದಕ್ಕೆ ಹಗಲಿದೆ.

ಮಗಳ ಹೋಂವರ್ಕಿಗೆ ಮಿತಿ ಹಾಕಿದ್ದೇವೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ತರಗತಿವರೆಗೆ ಹೋಂವರ್ಕ್ ಬೇಡವೆಂದೇ ಇದೆ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ನಾವು ಆ 1 ಗಂಟೆಯನ್ನೇ ಹಿಡಿದುಕೊಂಡೆವು. ಅವಳಿಗೆ ಕಷ್ಟ ಗಣಿತ, ಅದು ಮೊದಲು, ತಲೆ ಚುರುಕಾಗಿರುವಾಗ. ಸುಮ್ಮನೆ ನೋಡಿ ಬರೆಯುವಂಥದ್ದು ಕೊನೆಗೆ. ನಾನು ಅಡುಗೆಮನೆಯಲ್ಲಿ, ಕರೆದರೆ ಕೇಳಿಸುವಷ್ಟು ದೂರದಲ್ಲಿ ಇರುತ್ತೇನೆ, ಪಕ್ಕದಲ್ಲಿ ಕೂರುವುದಿಲ್ಲ. ಕೇಳಿದರೆ "ಪ್ರಶ್ನೆ ಇನ್ನೊಮ್ಮೆ ಗಟ್ಟಿಯಾಗಿ ಓದು ಪುಟ್ಟಿ" ಅನ್ನುತ್ತೇನೆ. ಬಹಳ ಸಲ ಅಲ್ಲಿಗೇ ಬಗೆಹರಿಯುತ್ತದೆ. ಗಂಟೆ ಮೀರಿದರೆ ಪುಸ್ತಕ ಮುಚ್ಚಿ, "ಭಿನ್ನರಾಶಿಯ ಕೊನೆಯ ಎರಡು ಲೆಕ್ಕ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿಕೊಡಿ" ಎಂದು ಡೈರಿಯಲ್ಲಿ ಬರೆಯುತ್ತೇನೆ. ಉತ್ತರ ನಾನೇ ಬರೆಸಿ ಕಳಿಸಿದರೆ ಮಗುವಿಗೆ ಏನು ಬರುವುದಿಲ್ಲ ಎಂದು ಶಿಕ್ಷಕರಿಗೆ ಗೊತ್ತಾಗುವುದಾದರೂ ಹೇಗೆ?

ಜುಲೈನಲ್ಲಿ ಮಳೆ ಜೋರಾಗಿ ಡಿಸಿ ರಜೆ ಕೊಟ್ಟ ದಿನ ಹೋಂವರ್ಕ್ ಇಲ್ಲ, ಓದು ಮಾತ್ರ ಇದೆ. ರಾತ್ರಿ ಕರೆಂಟಿನ ಭರವಸೆ ಇಲ್ಲದ ಕಾರಣ ಅವತ್ತು ಅದನ್ನು ಮಧ್ಯಾಹ್ನಕ್ಕೇ, ಬೆಳಕಿರುವ ಜಗುಲಿಗೆ ತಂದುಕೊಳ್ಳುತ್ತೇವೆ.