ರಾತ್ರಿ ತಡವಾಗಿ ದಾವಣಗೆರೆಯಲ್ಲಿ ಇಳಿದರೆ ಊಟಕ್ಕೆ ಎಲ್ಲಿ ನೋಡಬೇಕು

ರಾತ್ರಿ 11ರ ಮೇಲೆ ದಾವಣಗೆರೆಯಲ್ಲಿ ಇಳಿಯುವವರು ಬೆಣ್ಣೆ ದೋಸೆಯ ಆಸೆಯನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಸುಮ್ನೆ ಊರೆಲ್ಲಾ ಸುತ್ತಬೇಡಿ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಹತ್ತಿರ ಆಟೋದವರನ್ನು ಕೇಳಿ. ರಾತ್ರಿ ಪಾಳಿಯಲ್ಲಿ ಅವರೂ ಎಲ್ಲೋ ಒಂದು ಕಡೆ ತಿನ್ನಲೇಬೇಕು, ಅಲ್ವಾ? ಸ್ವಂತ ಗಾಡಿ ಇದ್ದರೆ 48ನೇ ಹೆದ್ದಾರಿಯ ಢಾಬಾಗಳನ್ನು ನೋಡಿ. ಲಾರಿಗಳು ಸಾಲಾಗಿ ನಿಂತಿರುವ ಕಡೆಯೇ ನಿಲ್ಲಿಸಿ.

ತಳ್ಳುಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಸಿಕ್ಕರೆ ಮಿರ್ಚಿ ಕಣ್ಣೆದುರೇ ಬಾಣಲೆಯಿಂದ ಎದ್ದಿದ್ದರೆ ಮಾತ್ರ ತಗೊಳ್ಳಿ. ಸಂಜೆ ಕರಿದದ್ದು ಮೆತ್ತಗಾಗಿ, ಪೇಪರಿಗೆಲ್ಲಾ ಎಣ್ಣೆ ಬಿಟ್ಟಿರುತ್ತದೆ. ಅಂಥದ್ದನ್ನು ತಿಂದು ನನ್ನ ಮಗ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂತಿದ್ದ, ಪಾಪ. ಚಿಕ್ಕ ಮಕ್ಕಳು ಜೊತೆಗಿದ್ದರೆ ಒಂದು ಡಬ್ಬಿ ಮಂಡಕ್ಕಿ, ಹುರಿಗಡಲೆ, ನಾಲ್ಕು ಬಾಳೆಹಣ್ಣು ಬ್ಯಾಗಿನಲ್ಲೇ ಇರಲಿ.