ಪುಣೆಯಲ್ಲಿದ್ದುಕೊಂಡೇ ಧಾರವಾಡದ ಕಸೂತಿಗೆ ಕೈಜೋಡಿಸುವ ಬಗೆ

ಪುಣೆಯಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳ ಟ್ರಂಕಿನಲ್ಲಿ ಅಜ್ಜಿಯ ಕಾಲದ ಕಸೂತಿ ಸೀರೆಯೊಂದು ಮಡಿಕೆ ಬಿಚ್ಚದೆ ಕುಳಿತಿರುತ್ತದೆ. ನಿಮ್ಮ ಬಡಾವಣೆಯ ಕನ್ನಡಿಗರು ಕಸೂತಿಗಾಗಿ ಏನಾದರೂ ಮಾಡಬೇಕೆಂದಿದ್ದರೆ, ಸಮಾರಂಭಕ್ಕೆ ಹಾಲ್ ಹುಡುಕುವ ಮೊದಲು ಒಂದು ಭಾನುವಾರ ಆ ಸೀರೆಗಳನ್ನೆಲ್ಲ ಒಂದೆಡೆ ತರಿಸಿ, ಜಮಖಾನೆಯ ಮೇಲೆ ಹರಡಿ, ಸೆರಗಿನ ಹಿಂಬದಿಯನ್ನು ತಿರುಗಿಸಿ ನೋಡಿರಿ. ನೇರ ಗೆರೆಯ ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ ಆಗಿ ಕಾಣುತ್ತದೆ. ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬುತ್ತದೆ, ದಾರಕ್ಕೆ ಗಂಟು ಹಾಕುವುದಿಲ್ಲ. ಯಂತ್ರದ ಕಸೂತಿಯ ಹಿಂಬದಿ ಹೀಗಿರುವುದಿಲ್ಲ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡವರು ಮುಂದೆ ಬೆಲೆಯ ವಿಷಯದಲ್ಲಿ ಚೌಕಾಸಿಗೆ ಇಳಿಯುವುದು ಕಡಿಮೆ.

ಮುಂದಿನ ಹೆಜ್ಜೆ ಕಲಿಕೆ. ಕಲಿಸುವವರು ಹೆಚ್ಚಾಗಿ ನಮ್ಮ ನಡುವಿನ ಹಿರಿಯ ಹೆಂಗಸರೇ ಆಗಿರುತ್ತಾರೆ. ಶಾಲು ಹೊದಿಸಿದರೆ ಸಾಲದು, ತರಗತಿಗೆ ಇಷ್ಟೆಂದು ಸಂಭಾವನೆ ಕೊಡಬೇಕು. ಕಸೂತಿಗೆ ಅಚ್ಚು ಹಾಕಿ ಗೆರೆ ಎಳೆಯುವ ಪದ್ಧತಿಯಿಲ್ಲ, ಎಲ್ಲವೂ ಎಳೆ ಎಣಿಸಿಯೇ ಆಗಬೇಕು. ಆದ್ದರಿಂದ ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಗವಂತಿಯಿಂದ ಆರಂಭಿಸಿ, ಮುರ್ಗಿಯ ಮೆಟ್ಟಿಲು, ನೇಯ್ದಂತೆ ಕಾಣುವ ನೇಯ್ಗಿ, ಕತ್ತರಿಯಾಕಾರದ ಮೆಂಥಿ ಹೊಲಿಗೆ ಎಂದು ಸಾಗುವುದು ಒಳ್ಳೆಯದು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಅದು ಗೊತ್ತಾಗುವುದು ಮರಳಿ ಬರುವಾಗ, ತುಳಸಿಕಟ್ಟೆಯ ಚಿತ್ತಾರದ ಮೂಲೆ ಕೂಡದೆ ಬಾಯಿಬಿಟ್ಟಾಗ. ಆಗ ಬಿಚ್ಚುವುದೊಂದೇ ದಾರಿ. ಒತ್ತಾಗಿ ನೆಯ್ದ ಬಟ್ಟೆಯಾದರೆ ಮೇಲೆ ಮ್ಯಾಟಿಯ ತುಂಡನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿ, ಕೆಲಸ ಮುಗಿದ ಬಳಿಕ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಇಷ್ಟಾದ ಮೇಲೆ ಕಸೂತಿ ಹಾಕುವವರನ್ನು ಕಾಣಲು ಪ್ರವಾಸ. ಧಾರವಾಡ ಪುಣೆಯಿಂದ 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ಶುಕ್ರವಾರ ರಾತ್ರಿ ಹೊರಟರೆ ಭಾನುವಾರ ರಾತ್ರಿ ಮರಳಿ ಹೊರಡಬಹುದು. ಗುಂಪು ಹತ್ತು ಹನ್ನೆರಡು ಜನಕ್ಕಿಂತ ದೊಡ್ಡದಾಗಬಾರದು. ನಾವು ಮೊದಲ ಸಲ ಬಸ್ ತುಂಬ ಜನರನ್ನು ಕರೆದೊಯ್ದು, ಕಸೂತಿ ಹಾಕುವ ಒಬ್ಬ ತಾಯಿಗೆ ಸೂಜಿ ಹಿಡಿಯಲು ಬೆಳಕೇ ಸಿಗದಂತೆ ಸುತ್ತುವರಿದು ನಿಂತಿದ್ದೆವು. ಅವರು ತೋರಿಸಲು ಕಳೆಯುವ ಸಮಯ ಹೊಲಿಯದೇ ಹೋದ ಸಮಯ. ಅದಕ್ಕೆ ಕೊಡುವ ಹಣವನ್ನು ಖರೀದಿಯ ಹಣದೊಂದಿಗೆ ಬೆರೆಸದೆ, ಮೊದಲೇ ಮಾತಾಡಿ ಪ್ರತ್ಯೇಕವಾಗಿ ಕೊಡಿರಿ. ಫೋಟೊಗೂ ಮೊದಲು ಅನುಮತಿ ಕೇಳಿರಿ.

ಪ್ರವಾಸಕ್ಕಿಂತ ಅದರ ಹಿಂದೆ ಬರುವ ಆರ್ಡರುಗಳೇ ಹೆಚ್ಚು ಮುಖ್ಯ. ಸೆರಗು ತುಂಬ ರಥ, ಗೋಪುರ, ಆನೆ, ನವಿಲು ಬೇಕೆಂದರೆ ವಾರಗಟ್ಟಲೆ ದುಡಿಮೆಯಾಗುತ್ತದೆ. ದೀಪಾವಳಿಗೆ ಬೇಕಾದ ಸೀರೆಯನ್ನು ಬೇಸಿಗೆಯಲ್ಲೇ ಹೇಳಿ, ಅರ್ಧ ಹಣ ಮುಂಗಡ ಕೊಡಬೇಕು. ಕಸೂತಿಗೆ 2006ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತಿದೆಯಾದರೂ, ಮುಂಗಡವಿಲ್ಲದೆ ದಾರ ಕೊಳ್ಳುವ ಹೊರೆಯನ್ನು ಆ ಮಾನ್ಯತೆ ಇಳಿಸುವುದಿಲ್ಲ. ಸೀರೆಗೆ ಅಷ್ಟು ಹಣ ಹೊಂದದವರು ಖಣದ ಕುಬಸಕ್ಕೆ ಅಥವಾ ಕೈಚೀಲಕ್ಕೆ ಒಂದು ಅಂಗೈಯಗಲದ ಕಸೂತಿ ಹಾಕಿಸಬಹುದು. ಟ್ರಂಕಿನ ಹಳೆಯ ಸೀರೆಯ ಮೈ ಹರಿದಿದ್ದು ಸೆರಗು ಗಟ್ಟಿಯಿದ್ದರೆ, ಅದನ್ನೂ ಜೊತೆಗೆ ಒಯ್ಯಿರಿ. ಎಣಿಸಿ ನಕಲು ಮಾಡಿಕೊಳ್ಳಲು ಅಲ್ಲಿಯವರಿಗೆ ಅದರಷ್ಟು ಉಪಯುಕ್ತವಾದ ಮಾದರಿ ಬೇರೆ ಸಿಗದು.