ಬ್ರಿಜ್: ಸ್ಲಾಮ್ ಕೂಗುವ ಮುನ್ನ ಕೈ ಅಳೆಯುವುದು ಹೇಗೆ?

ಸ್ಲಾಮ್ ಎಂದರೆ 13 ಸುತ್ತುಗಳಲ್ಲಿ 12 (6ರ ಕೂಗು, ಸಣ್ಣ ಸ್ಲಾಮ್) ಅಥವಾ ಎಲ್ಲ 13 (7ರ ಕೂಗು) ಗೆಲ್ಲುತ್ತೇವೆಂಬ ಪಣ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿಗೆ 40 ಪಾಯಿಂಟ್. ಇಬ್ಬರ ಕೈಯೂ ಸಮತೋಲದಲ್ಲಿದ್ದರೆ (ನಾಲ್ಕು ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿದ್ದರೆ) 6 ನೋಟ್ರಂಪ್‌ಗೆ, ಅಂದರೆ ತುರುಫು ಇಲ್ಲದ ಆಟಕ್ಕೆ, 33, 7ಕ್ಕೆ 37 ಬೇಕು. 33 ಇದ್ದರೆ ಎದುರಾಳಿಗಳಿಗೆ ಉಳಿಯುವುದು 7. ಅದರಲ್ಲಿ ಎರಡು ಎಕ್ಕ ಇರಲು ಸಾಧ್ಯವೇ ಇಲ್ಲ.

ಇಬ್ಬರದೂ ಸೇರಿ ಎಂಟು ಎಲೆಗಳ ತುರುಫು ಸಿಕ್ಕ ಕೂಡಲೇ ಕೈಯನ್ನು ಮತ್ತೆ ಅಳೆಯಿರಿ. ಬೆಂಬಲಕ್ಕೆ ನಾಲ್ಕು ತುರುಫು ಇರುವವರು ಖಾಲಿ ಬಣ್ಣಕ್ಕೆ 5, ಒಂಟಿ ಎಲೆಗೆ 3, ಜೋಡಿಗೆ 1 ಸೇರಿಸಿಕೊಳ್ಳಬಹುದು. ಎಲ್ಲ ಪಾಯಿಂಟೂ ಒಂದೇ ತೂಕದ್ದಲ್ಲ. ನಿಮ್ಮ 1 ಸ್ಪೇಡ್‌ಗೆ ಜೊತೆಗಾರರು ಸ್ಪ್ಲಿಂಟರ್ 4 ಡೈಮಂಡ್ ಕೂಗಿ ಆ ಬಣ್ಣದಲ್ಲಿ ಒಂಟಿ ಎಲೆ ತೋರಿಸಿದರು ಎನ್ನಿ. ನಿಮ್ಮ ಡೈಮಂಡ್ ರಾಜ-ರಾಣಿಯ 5 ಪಾಯಿಂಟ್ ಹೆಚ್ಚುಕಡಿಮೆ ದಂಡ. ಅಲ್ಲಿ 8-6-4 ಇದ್ದರೆ ಅದೇ ಚಿನ್ನದಂಥ ಕೈ: ನಿಮ್ಮ ಪಾಯಿಂಟ್‌ಗಳೆಲ್ಲ ಉಳಿದ ಮೂರು ಬಣ್ಣಗಳಲ್ಲಿ ದುಡಿಯುತ್ತವೆ.

ಈಗ ಈ ಎರಡು ಕೈ ನೋಡಿ.

ನಿಮ್ಮದು: ಸ್ಪೇಡ್ ಎಕ್ಕ-ರಾಣಿ-ಗುಲಾಮ-7-4, ಹಾರ್ಟ್ ರಾಜ-ರಾಣಿ-ಗುಲಾಮ, ಡೈಮಂಡ್ 8-5, ಕ್ಲಬ್ ರಾಜ-ರಾಣಿ-3.
ಜೊತೆಗಾರರದು: ಸ್ಪೇಡ್ ರಾಜ-10-8-6, ಹಾರ್ಟ್ ಎಕ್ಕ-7-4, ಡೈಮಂಡ್ ರಾಣಿ-6-2, ಕ್ಲಬ್ ಎಕ್ಕ-ಗುಲಾಮ-5.

ಸೇರಿದರೆ 32 ಪಾಯಿಂಟ್, ಒಂಬತ್ತು ತುರುಫು. ಆಸೆಯಾಗಿ, ಎಕ್ಕ ಎಷ್ಟಿವೆ ಎಂದು ಕೇಳುವ 4 ನೋಟ್ರಂಪ್ ಕೂಗಿದರೆ ಒಂದೇ ಎಕ್ಕ ಕಡಿಮೆ ಎಂದು ಗೊತ್ತಾಗುತ್ತದೆ. 6 ಸ್ಪೇಡ್ ಕೂಗುತ್ತೀರಿ. ಎದುರಾಳಿ ಡೈಮಂಡ್ ಎಕ್ಕ, ರಾಜ ಎಳೆದುಕೊಂಡರೆ ಅಲ್ಲಿಗೇ ಸೋಲು. ಆದ್ದರಿಂದ ಮೊದಲು ಹಿಡಿತ, ಅಂದರೆ ಒಂದು ಬಣ್ಣದಲ್ಲಿ ಎದುರಾಳಿ ಮೊದಲ ಎರಡೂ ಸುತ್ತು ಗೆಲ್ಲದಂತೆ ತಡೆಯುವ ಬಲ, ತೋರಿಸಬೇಕು. ನಿಮ್ಮ 1 ಸ್ಪೇಡ್‌ಗೆ ಜೊತೆಗಾರರದು ಜಾಕೋಬಿ 2 ನೋಟ್ರಂಪ್: ನಾಲ್ಕು ತುರುಫಿನ ಬೆಂಬಲವೂ ಒಳ್ಳೆಯ ಬಲವೂ ಇದೆ ಎಂದು ಸೂಚಿಸುವ ಕೂಗು. 18 ಪಾಯಿಂಟ್ ಇರುವುದರಿಂದ ನೀವು 3 ಸ್ಪೇಡ್. ಅವರ 4 ಕ್ಲಬ್ ಎಂದರೆ ಕ್ಲಬ್‌ನಲ್ಲಿ ಎಕ್ಕ, ರಾಜ ಅಥವಾ ಒಂಟಿ ಎಲೆ ಇದೆ. ನೀವು ಡೈಮಂಡ್ ದಾಟಿ 4 ಹಾರ್ಟ್ ಎಂದಿರಿ. ಡೈಮಂಡ್‌ನಲ್ಲಿ ಹಿಡಿತವಿಲ್ಲ ಎಂದು ಸಾರಿದಂತಾಯಿತು. ಅವರಿಗೂ ಇಲ್ಲ, 4 ಸ್ಪೇಡ್‌ಗೆ ನಿಲ್ಲುತ್ತಾರೆ.

ಎಲ್ಲ ಬಣ್ಣಕ್ಕೂ ಹಿಡಿತ ಖಚಿತವಾದ ಮೇಲೆಯೇ 4 ನೋಟ್ರಂಪ್. ಈಸ್ಲಿ ಬ್ಲ್ಯಾಕ್‌ವುಡ್ ರೂಪಿಸಿದ ಮೂಲ ಪದ್ಧತಿ ಕೇಳುತ್ತಿದ್ದುದು ಎಕ್ಕಗಳನ್ನಷ್ಟೇ. ಕೀಕಾರ್ಡ್ ಪದ್ಧತಿಯಲ್ಲಿ ತುರುಫು ರಾಜನೂ ಸೇರಿ ಐದು. 1430 ಎಂಬ ರೂಪದಲ್ಲಿ ಉತ್ತರಗಳು: 5 ಕ್ಲಬ್ ಎಂದರೆ 1 ಅಥವಾ 4; 5 ಡೈಮಂಡ್ ಎಂದರೆ 0 ಅಥವಾ 3; 5 ಹಾರ್ಟ್ ಎಂದರೆ 2 ಇವೆ, ತುರುಫು ರಾಣಿ ಇಲ್ಲ; 5 ಸ್ಪೇಡ್ ಎಂದರೆ ಎರಡರ ಜೊತೆ ರಾಣಿಯೂ ಇದೆ. ಐದರಲ್ಲಿ ಎರಡು ಕಡಿಮೆಯಾದರೆ 5ರ ಕೂಗಿನಲ್ಲೇ ನಿಲ್ಲಿ.

ಸಣ್ಣ ಸ್ಲಾಮ್‌ಗೆ ಬೋನಸ್ 500, ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಇದ್ದರೆ 750. ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೂ ಕೂಗಬಹುದು. ತುರುಫು ಕ್ಲಬ್ ಆಗಿದ್ದಾಗ ಮಾತ್ರ ತುಂಬ ಎಚ್ಚರ: 5 ಡೈಮಂಡ್ ಉತ್ತರ ಬಂತೆಂದರೆ, ಅದು 5 ಕ್ಲಬ್‌ಗಿಂತ ಮೇಲಿನ ಕೂಗಾದ್ದರಿಂದ, 5 ಕ್ಲಬ್‌ಗೆ ಹಿಂತಿರುಗುವ ದಾರಿಯೇ ಇಲ್ಲ.